ಗಿರಿಜಕ್ಕ ಕೇಳಿದ ವಯಸ್ಸು

ಗಿರಿಜಕ್ಕ ಬೈಯುತ್ತಲೇ ಸೂಜಿ ಚುಚ್ಚುತ್ತಿದ್ದರು. "ಅಯ್ಯ, ಉಂಡಿಲ್ಲೇನವ್ವಾ, ಕೈ ಎಷ್ಟ್ ಸೊರಗ್ಯಾವ!" ಎಂದು ಗದರುವಷ್ಟರಲ್ಲಿ ರಕ್ತ ತುಂಬಿದ ಟ್ಯೂಬು ಅವರ ಕೈಯಲ್ಲಿರುತ್ತಿತ್ತು. ದುರ್ಗದಬೈಲಿನ ಹತ್ತಿರದ ಆ ಲ್ಯಾಬಿಗೆ ಬರುವ ಬಸುರಿಯರು ಸರದಿ ಬಿಟ್ಟುಕೊಟ್ಟಾದರೂ ಅವರಿಗೇ ಕಾಯುತ್ತಿದ್ದರು. ಅವರ ಬಾಯಿಗೆ ಮಾತ್ರ ಎಲ್ಲರೂ ಹೆದರುತ್ತಿದ್ದರು.

ನಾನು ಹೆದರಲು ಬೇರೆ ಕಾರಣವೂ ಇತ್ತು. ಸಂಬಂಧ ಕೂಡಿಸುವಾಗ ತವರಿನವರು ನನ್ನ ವಯಸ್ಸಿನಲ್ಲಿ ಆರು ವರ್ಷ ನುಂಗಿದ್ದರು. ಗಂಡನ ಮನೆಯಲ್ಲಿ ನನಗೆ ಮೂವತ್ತು, ನಿಜಕ್ಕೆ ಮೂವತ್ತಾರು. ಗಿರಿಜಕ್ಕನೋ, ನನ್ನ ತವರೂರು ಗರಗದವರೇ. ನಾಲ್ಕನೆಯ ತಿಂಗಳಲ್ಲಿ, ಕೂಸಿಗೆ ಹುಟ್ಟಿನಿಂದಲೇ ತೊಂದರೆ ಇರಬಹುದೇ ಎಂದು ಅಂದಾಜು ಮಾಡುವ ರಕ್ತಪರೀಕ್ಷೆಗೆ ಅತ್ತೆಯವರು ನನ್ನನ್ನು ಅಲ್ಲಿಗೇ ಕರೆದೊಯ್ದರು. ಫಾರ್ಮ್ ತುಂಬುತ್ತ ಗಿರಿಜಕ್ಕ ವಯಸ್ಸು ಕೇಳಿದರು. "ಮೂವತ್ತು" ಎಂದು ಅತ್ತೆಯವರೇ ಉತ್ತರಿಸಿದರು.

ಗಿರಿಜಕ್ಕ ಪೆನ್ನು ಕೆಳಗಿಟ್ಟರು. "ಅಮ್ಮಾರ, ನೀವು ಹೊರಗ ಕೂಡ್ರಿ. ಸೂಜಿ ನೋಡಿ ನಿಮ್ಮ ಬಿಪಿ ಏರಿದ್ರ ನಾ ಯಾರ್ನ ನೋಡ್ಲಿ?" ಅತ್ತೆಯವರು ಎದ್ದುಹೋದ ಮೇಲೆ ದನಿ ತಗ್ಗಿಸಿದರು. "ನಿನ್ನ ತಮ್ಮ ನನ್ನ ಮಗನ ಜೋಡಿ ಸಾಲಿ ಕಲ್ತಾಂವ. ಇಬ್ಬರಿಗೂ ಈಗ ಮೂವತ್ಮೂರು. ನೀ ಅವನ ಅಕ್ಕ. ನಿನಗ ಮೂವತ್ತು ಹೆಂಗ ಆಗತೈತಿ?"

ನಾನು ಅತ್ತೆಯವರು ಹೋದ ಬಾಗಿಲ ಕಡೆ ನೋಡಿದೆ.

"ಬರೇ ರಕ್ತ ನೋಡೂದಿಲ್ಲವ್ವಾ, ತಾಯಿ ವಯಸ್ಸೂ ಲೆಕ್ಕಕ್ಕ ಹಿಡೀತಾರ. ವಯಸ್ಸ ಏರಿದಂಗ ಕೂಸಿನ ಅಪಾಯನೂ ಏರತೈತಿ. ವಯಸ್ಸ ತಪ್ಪಿದ್ರ ರಿಪೋರ್ಟೂ ತಪ್ಪತೈತಿ. ಖರೇ ಹೇಳು, ನಾ ಯಾರ ಮುಂದೂ ಅನ್ನೂದಿಲ್ಲ."

ರಿಪೋರ್ಟಿನ ಮೇಲೆ ವಯಸ್ಸು ಅಚ್ಚಾಗಿರುತ್ತದೆ. ಮನೆಯಲ್ಲಿ ಅದನ್ನು ಎಲ್ಲರೂ ಓದುತ್ತಾರೆ. "ಮೂವತ್ತ ಬರೀರಿ" ಎಂದೆ. ಬರೆದರು. ಅಂದು ಬೈಯದೆ ಚುಚ್ಚಿದರು.

ಅಪಾಯ ಕಡಿಮೆ ಎಂದು ರಿಪೋರ್ಟು ಬಂತು. ಅತ್ತೆಯವರು ಓಣಿಗೆಲ್ಲ ಹೇಳಿಕೊಂಡು ಬಂದರು. ನನಗೆ ಆ ಕಾಗದ ಮುಟ್ಟಲೂ ಭಯವಾಗುತ್ತಿತ್ತು. ಮರುವಾರ ಬಳೆ ಅಂಗಡಿಯ ಮುಂದೆ ಸಿಕ್ಕ ಗಿರಿಜಕ್ಕ ನನ್ನ ಕೈ ಹಿಡಿದು ಬದಿಗೆ ಕರೆದರು.

"ಖರೇ ವಯಸ್ಸ ಹಾಕಿ ಲೆಕ್ಕಾ ಮತ್ತ ಮಾಡಸೂಣು. ಅಪಾಯ ಹೆಚ್ಚು ಬಂದ್ರ ಡಾಕ್ಟರ್ ಮುಂದಿನ ಟೆಸ್ಟ್ ಹೇಳ್ತಾರ. ಅದಕ್ಕೂ ಒಂದ್ ಹೊತ್ತೈತಿ, ಮೀರಿದ್ರ ಆಗೂದಿಲ್ಲ. ಲಗೂ ಬಾ. ಈ ತಿಂಗಳಷ್ಟ ನಾ ಇಲ್ಲಿರತೇನಿ."

ಅವರನ್ನು ನಾನು ಕಂಡದ್ದು ಅದೇ ಕೊನೆ. ನಾಳೆ, ನಾಡಿದ್ದು ಎನ್ನುತ್ತ ತಿಂಗಳು ಕಳೆದೆ. ಕೊನೆಗೊಮ್ಮೆ ಒಬ್ಬಳೇ ಹೋದಾಗ ಅವರ ಕುರ್ಚಿಯಲ್ಲಿ ಬೇರೆ ಹುಡುಗಿ ಕೂತಿದ್ದಳು. ಗಿರಿಜಕ್ಕ ಕೆಲಸ ಬಿಟ್ಟು ಮಗನ ಹತ್ತಿರ ಹೋದರಂತೆ. ಹುಡುಗಿ ನನ್ನ ರಿಪೋರ್ಟು ನೋಡಿ ನಕ್ಕಳು. "ಛಲೋ ಬಂದೈತಲ್ರಿ ಅಕ್ಕಾರ. ವಯಸ್ಸೂ ಕಡಿಮಿ ಐತಿ. ಯಾಕ ಚಿಂತಿ ಮಾಡ್ತೀರಿ?"

ಅಂದು ನನ್ನ ಜೊತೆ ಮನೆಯವರು ಯಾರೂ ಇರಲಿಲ್ಲ. ಹೇಳಿಬಿಡಬಹುದಿತ್ತು. "ಹಂಗಂತೀರಿ?" ಎಂದೆ. "ಹೌದ್ರಿ" ಎಂದಳು. ಅಷ್ಟನ್ನು ಕೇಳಲೆಂದೇ ಬಂದವಳ ಹಾಗೆ ನಾನು ಮನೆಗೆ ಹೊರಟೆ.

ಗಿರಿಜಕ್ಕ ಹೇಳಿದ ಹೊತ್ತು ಮೀರಿ, ಈಗ ನನಗೆ ಎಂಟನೆಯ ತಿಂಗಳು.