ದಾಕ್ಷಿಣ್ಯಕ್ಕೆ ಕೊಟ್ಟ ಎಕ್ಸ್‌ಪೀರಿಯನ್ಸ್ ಲೆಟರ್

ಹಿಂದಿನ ವಾರ ಬುಧವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ನಾನು ಫೋನಿನಲ್ಲಿ ಒಂದು ಸುಳ್ಳು ಹೇಳಿದೆ. ನಾಲ್ಕೇ ನಿಮಿಷದ ಮಾತು. ತಡವರಿಸಲಿಲ್ಲ, ಬೆವರಲಿಲ್ಲ. ಫೋನ್ ಇಟ್ಟ ಮೇಲೆ ಒಳ್ಳೆಯ ಕೆಲಸ ಮಾಡಿದೆ ಅನ್ನುವ ಖುಷಿಗೆ ಪಕ್ಕದ ಹೋಟೆಲಿನಿಂದ ಇನ್ನೊಂದು ಚಹಾ ಬೇರೆ ತರಿಸಿಕೊಂಡೆ.

ಆ ಚಹಾ ಇವತ್ತಿಗೂ ಗಂಟಲಲ್ಲಿ ನಿಂತಿದೆ.

ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವಂತೆ ನಾನು ಶಿರಸಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನು. ಅಂಕಣ ಬರೆಯುವುದು ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಚಟ. ಮಾತ್ರೆ ಮಾರುವವನಾದ್ದರಿಂದ ಮಾತ್ರೆ ತಯಾರಿಸುವ ಕಂಪನಿಗಳ ಒಳಗುಟ್ಟೆಲ್ಲ ನನಗೆ ಗೊತ್ತಿದೆ ಅಂತ ಜನ ನಂಬಿದ್ದಾರೆ. ಯಲ್ಲಾಪುರದ ಓದುಗರೊಬ್ಬರು ತಿಂಗಳಿಗೆ ಎರಡು ಸಲವಾದರೂ ಫೋನ್ ಮಾಡುತ್ತಾರೆ. ಮಗನ ಬಿ.ಫಾರ್ಮಾ ಮುಗಿಯುತ್ತಾ ಬಂತು, ಮುಂದೇನು? ಪ್ರೊಡಕ್ಷನ್ನಾ, ಕ್ವಾಲಿಟಿಯಾ, ಮೆಡಿಕಲ್ ರೆಪ್ಪಾ, ಡ್ರಗ್ ಇನ್‌ಸ್ಪೆಕ್ಟರ್ ಪರೀಕ್ಷೆಯಾ? ನಾನೂ ಗಂಟಲು ಸರಿಮಾಡಿಕೊಂಡು ಹೇಳುತ್ತೇನೆ. (ಮೂವತ್ತು ವರ್ಷದಿಂದ ಒಂದೇ ಕೌಂಟರಿನ ಹಿಂದೆ ನಿಂತವನ ಹತ್ತಿರ ಕರಿಯರ್ ಪ್ಲಾನಿಂಗ್ ಕೇಳುವವರ ಧೈರ್ಯ ದೊಡ್ಡದು.)

ಇರಲಿ. ಸುಳ್ಳಿನ ವಿಷಯಕ್ಕೆ ಬರುತ್ತೇನೆ.

ಸಿದ್ದಾಪುರ ತಾಲೂಕಿನ ಹೇರೂರಿನ ಕಡೆಯ ಗಣಪಣ್ಣ ನನ್ನ ಹಳೆಯ ಸ್ನೇಹಿತ. ಅವನ ಮಗಳು ಮೇಧಾ. (ಹೆಸರು ಬದಲಾಯಿಸಿದ್ದೇನೆ.) ಹುಬ್ಬಳ್ಳಿಯಲ್ಲಿ ಬಿ.ಫಾರ್ಮಾ ಮುಗಿಸಿದ ತಿಂಗಳೇ ಅವಳ ತಾಯಿಗೆ ಕಿಡ್ನಿ ತೊಂದರೆ ಅಂತ ಗೊತ್ತಾಯಿತು. ಜೊತೆಯವರೆಲ್ಲ ಹೈದರಾಬಾದು, ಬೆಂಗಳೂರು ಅಂತ ಚದುರಿದರು. ಇವಳು ಪುಸ್ತಕದ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬಂದಳು.

ವಾರಕ್ಕೆರಡು ದಿನ ತಾಯಿಯನ್ನು ಶಿರಸಿಗೆ ಡಯಾಲಿಸಿಸ್‌ಗೆ ಕರೆತರುತ್ತಿದ್ದಳು. ತಾಯಿ ಒಳಗೆ ಮಲಗಿರುವ ನಾಲ್ಕು ತಾಸಿನಲ್ಲಿ ಸ್ವಲ್ಪ ಹೊತ್ತು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಬೇಕಾದ ಔಷಧಿ ತೆಗೆದುಕೊಂಡು, ಎಕ್ಸ್‌ಪೈರಿ ಡೇಟ್ ನೋಡಿ, ಮತ್ತೆ ಆಸ್ಪತ್ರೆಗೆ ಹೋಗುತ್ತಿದ್ದಳು. ಕೈಯಲ್ಲಿ ಸದಾ ಒಂದು ನೋಟ್‌ಬುಕ್. ಅವಳು ಆಯಿ ಅಂತ ಕರೆಯುವ ಅಮ್ಮನ ಬಿಪಿ, ತೂಕ, ಕುಡಿದ ನೀರಿನ ಅಳತೆ, ಯಾವ ಮಾತ್ರೆ ಎಷ್ಟು ಗಂಟೆಗೆ ಅನ್ನುವುದೆಲ್ಲ ಅದರಲ್ಲಿ. ಹೀಗೆ ಎರಡು ವರ್ಷ. ಕಳೆದ ದೀಪಾವಳಿ ಮುಗಿದ ಮೇಲೆ ತಾಯಿ ತೀರಿಕೊಂಡರು.

ಆಮೇಲೆ ಹುಡುಗಿ ಕೆಲಸ ಹುಡುಕಲು ಕೂತಳು. ಅರ್ಜಿ ಹಾಕಿದಳು. ಉತ್ತರ ಬರಲಿಲ್ಲ. ಮತ್ತೆ ಹಾಕಿದಳು. ಅವಳಿಗಿಂತ ಹೆಚ್ಚು ಕಂಗಾಲಾದವನು ಗಣಪಣ್ಣ. ಸಿದ್ದಾಪುರದ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬಿಕೊಡುವವನೊಬ್ಬ ಅವನಿಗೆ ಉಚಿತ ಸಲಹೆ ಕೊಟ್ಟನಂತೆ. ಗಣಪಣ್ಣ ಅದನ್ನು ಹಿಡಿದುಕೊಂಡು ನೇರ ನನ್ನ ಕೌಂಟರಿಗೆ ಬಂದ. ಇದು ಮೂರು ತಿಂಗಳ ಹಿಂದಿನ ಮಾತು.

"ಶ್ರೀಧರಾ, ಒಂದು ಉಪಕಾರ ಆಗವು ಮಾರಾಯ. ಕೂಸಿನ ಬಯೋಡಾಟಾದಲ್ಲಿ ಎರಡು ವರ್ಷ ಖಾಲಿ ಕಾಣ್ತು. ಗ್ಯಾಪ್ ಇದ್ರೆ ಕಂಪನಿಯವು ಫೈಲೇ ತೆಗೀತ್ವಿಲ್ಲೆಡ. ನಿನ್ನ ಅಂಗಡಿಲಿ ಕೆಲಸ ಮಾಡಿದ್ದು ಹೇಳಿ ಒಂದು ಕಾಗದ ಕೊಡು. ನಿಂಗೆಂತ ಕಷ್ಟ?"

ನನಗೇನೂ ಕಷ್ಟವಿರಲಿಲ್ಲ. ಅದೇ ಕಷ್ಟ.

ನಮ್ಮ ಸೀಮೆಯಲ್ಲಿ ಕಾಗದ ಕೇಳಿದವರಿಗೆ ಇಲ್ಲ ಅಂದವರನ್ನು ತೋರಿಸಿ ನೋಡೋಣ. ಕ್ಯಾರೆಕ್ಟರ್ ಸರ್ಟಿಫಿಕೇಟ್ ಇರಲಿ, ಶಿಫಾರಸು ಇರಲಿ, "ಇವರು ನನಗೆ ಹತ್ತು ವರ್ಷದಿಂದ ಪರಿಚಯ" ಅನ್ನುವ ಎರಡು ಸಾಲಿರಲಿ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟಷ್ಟೇ ಸಲೀಸಾಗಿ ಕೊಡುತ್ತೇವೆ. ಇಲ್ಲ ಅಂದರೆ ನಾಳೆ ಮದುವೆಮನೆಯ ಪಂಕ್ತಿಯಲ್ಲಿ ಎದುರುಬದುರು ಕೂರುವುದು ಹೇಗೆ? ಇದಕ್ಕೆ ನಾವಿಟ್ಟ ಹೆಸರು ದಾಕ್ಷಿಣ್ಯ. ಒಳ್ಳೆಯ ಗುಣಗಳ ಪಟ್ಟಿಯಲ್ಲಿ ಅದನ್ನು ಮೇಲೆಯೇ ಬರೆದುಕೊಂಡಿದ್ದೇವೆ.

ಲೆಟರ್‌ಹೆಡ್ ತೆಗೆದೆ. "ಕುಮಾರಿ ಮೇಧಾ ಅವರು ನಮ್ಮ ಸಂಸ್ಥೆಯಲ್ಲಿ ಎರಡು ವರ್ಷ ಕಾಲ ಪ್ರಾಮಾಣಿಕವಾಗಿ ಸೇವೆ ಸಲ್ಲಿಸಿರುತ್ತಾರೆ" ಅಂತ ಇಂಗ್ಲಿಷಿನಲ್ಲಿ ಬರೆದೆ. ಸೀಲು ಒತ್ತಿದೆ. ಹತ್ತು ನಿಮಿಷದ ಕೆಲಸ. ಮನಸ್ಸಿನಲ್ಲೊಂದು ಸಣ್ಣ ಚುಚ್ಚು ಇತ್ತು, ಇಲ್ಲ ಅನ್ನುವುದಿಲ್ಲ. ಅದಕ್ಕೂ ಸಮಾಧಾನ ಹೇಳಿದೆ: ವಾರಕ್ಕೆರಡು ದಿನ ಈ ಸ್ಟೂಲಿನ ಮೇಲೆ ಕೂತಿದ್ದಳಲ್ಲ, ಪೂರ್ತಿ ಸುಳ್ಳೇನಲ್ಲ!

ಗಣಪಣ್ಣ ಕಾಗದವನ್ನು ಮಗಳ ಫೈಲಿನಲ್ಲಿ ಸೇರಿಸಿಟ್ಟ. ಹೇಳಿದರೆ ಬೇಡ ಅಂದಾಳು ಅಂತ ಅವಳಿಗೆ ಹೇಳಲಿಲ್ಲ.

ಹದಿನೈದು ದಿನದ ಹಿಂದೆ ಗೋವಾದ ಒಂದು ಔಷಧ ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ಕ್ವಾಲಿಟಿ ವಿಭಾಗದಲ್ಲಿ ಟ್ರೈನಿ ಕೆಲಸ. ಹುಡುಗಿ ಒಬ್ಬಳೇ ಹೋದಳು. ಇಂಟರ್‌ವ್ಯೂ ಚೆನ್ನಾಗಿಯೇ ಆಯಿತು. ಮಾರ್ಕ್ಸ್‌ಕಾರ್ಡ್‌ಗಳ ಪ್ರತಿ ಇವತ್ತೇ ಮೇಲ್ ಮಾಡಿಸಿ ಅಂದರಂತೆ. ಅವಳು ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿ, ಟೇಬಲ್ ಮೇಲಿನ ಫೈಲ್ ತೆಗೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ ಕಳಿಸು ಅಂದಳು. ಗಣಪಣ್ಣ ಕಳಿಸಿದ. ಫೈಲಿನಲ್ಲಿದ್ದ ಒಂದು ಹಾಳೆಯನ್ನೂ ಬಿಡದೆ ಕಳಿಸಿದ. ಆಮೇಲೆ ನನಗೂ ಫೋನ್ ಮಾಡಿ, ಕಂಪನಿಯವರು ವಿಚಾರಿಸಿದರೆ ನೋಡಿಕೋ ಅಂದ.

ಬುಧವಾರ ವಿಚಾರಿಸಿದರು. ಎಚ್‌ಆರ್ ವಿಭಾಗದ ಹೆಣ್ಣುಮಗಳು, ಮಾತು ಹುಬ್ಬಳ್ಳಿ ಕಡೆಯದು.

"ಸರ್, ಮೇಧಾ ಅನ್ನೋರು ನಿಮ್ಮ ಅಂಗಡ್ಯಾಗ ಎರಡು ವರ್ಷ ಕೆಲಸ ಮಾಡ್ಯಾರಂತ ಲೆಟರ್ ಐತ್ರಿ. ಹೌದೇನ್ರಿ?"

"ಹೌದು."

"ದಿನಾ ಬರ್ತಿದ್ರೇನ್ರಿ?"

"ದಿನಾ. ಒಂಬತ್ತೂವರೆಗೆ ಸರಿಯಾಗಿ. ಬಹಳ ಶಿಸ್ತಿನ ಹುಡುಗಿ."

ಕೇಳದಿದ್ದರೂ ಸೇರಿಸಿದೆ ನೋಡಿ, ಶಿಸ್ತು! ಆಕೆ ಇನ್ನೊಮ್ಮೆ, "ಖರೇನ್ರಿ ಸರ್?" ಅಂದಳು. ಆಗಲಾದರೂ ಯಾಕೆ ಹೀಗೆ ಕೇಳುತ್ತಿದ್ದಾಳೆ ಅಂತ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಖರೆ ಅಂದೆ. ಚಹಾ ತರಿಸಿದೆ.

ಶನಿವಾರ ಮಧ್ಯಾಹ್ನ ಮೇಧಾ ಅಂಗಡಿಗೆ ಬಂದಳು. ಸ್ಟೂಲ್ ತೋರಿಸಿದೆ, ಕೂರಲಿಲ್ಲ. ಮೊಬೈಲು ತೆಗೆದು ಕಂಪನಿಯ ಮೇಲ್ ತೋರಿಸಿದಳು. ನೀವು ಕೊಟ್ಟ ಮಾಹಿತಿಗೂ ನಿಮ್ಮ ದಾಖಲೆಗಳಿಗೂ ಹೊಂದಾಣಿಕೆ ಇಲ್ಲ, ನಿಮ್ಮ ಅರ್ಜಿಯನ್ನು ಮುಂದುವರಿಸುತ್ತಿಲ್ಲ. ಮೂರು ಸಾಲು.

"ಮಾವ, ನಿಂಗ ಅವಕ್ಕೆ ಎಂತ ಹೇಳಿದ್ರಿ?"

"ಎಂತ ಹೇಳದು? ನಮ್ಮಲ್ಲೇ ಕೆಲಸ ಮಾಡಿದ್ದು, ಒಳ್ಳೆ ಕೂಸು ಹೇಳಿ ಹೇಳ್ದಿ."

"ಆನು ಎಲ್ಲೂ ಕೆಲಸ ಮಾಡಿದ್ನಿಲ್ಲೆ ಹೇಳಿ ಫಾರ್ಮಲ್ಲೇ ಬರದಿದ್ದಿ."

ನಿಂತುಕೊಂಡೇ ಎಲ್ಲ ಹೇಳಿದಳು. ಇಂಟರ್‌ವ್ಯೂನಲ್ಲಿ ಅವಳಿಗೆ ಬಂದ ಮೊದಲ ಪ್ರಶ್ನೆ, ದಾಖಲೆಯಲ್ಲಿ ಔಷಧದ ತೂಕ ತಪ್ಪಾಗಿ ಬರೆದರೆ ಏನು ಮಾಡುತ್ತೀಯಾ ಅಂತ. ಔಷಧ ಕಾರ್ಖಾನೆಯಲ್ಲಿ ಬರೆದದ್ದನ್ನು ಗೀಚುವ ಹಾಗಿಲ್ಲ, ವೈಟ್ನರ್ ಹಚ್ಚುವ ಹಾಗಿಲ್ಲ. ತಪ್ಪಾಗಿ ಬರೆದದ್ದೂ ಓದಲು ಸಿಗುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಿ ತಾರೀಖು ಹಾಕಬೇಕು. ಅವಳು ಹಾಗೇ ಹೇಳಿದಳು. ಎರಡನೇ ಪ್ರಶ್ನೆ, ಎರಡು ವರ್ಷ ಏನು ಮಾಡುತ್ತಿದ್ದೆ? ಅಮ್ಮನನ್ನು ನೋಡಿಕೊಳ್ಳುತ್ತಿದ್ದೆ ಅಂದಳು. ಹೇಗೆ ಅಂದರು. ನೋಟ್‌ಬುಕ್ಕಿನ ವಿಷಯ ಹೇಳಿದಳು. ವಿಭಾಗದ ಮುಖ್ಯಸ್ಥರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರಂತೆ. "ಇದನ್ನು ಗ್ಯಾಪ್ ಅಂತ ಯಾಕೆ ಬರೆದಿದ್ದೀಯಮ್ಮಾ? ಇಂಥವರೇ ನಮಗೆ ಬೇಕು" ಅಂದರಂತೆ.

ಅವಳು ನಿಜ ಹೇಳಿ ಗೆದ್ದುಬಂದಿದ್ದಳು. ನಾನು ಹಿಂದಿನಿಂದ ಹೋಗಿ ಅದನ್ನು ಸುಳ್ಳು ಮಾಡಿದೆ. ಬುಧವಾರ ನಾನು "ಕಾಗದ ಸುಳ್ಳು" ಅಂದಿದ್ದರೆ ತಪ್ಪು ನನ್ನದಾಗುತ್ತಿತ್ತು. ಹೌದು ಅಂದೆ, ತಪ್ಪು ಅವಳದಾಯಿತು. ದಾಖಲೆಯಲ್ಲಿ ಸುಳ್ಳು ಬರೆಯುವವರನ್ನು ಮಾತ್ರೆ ತಯಾರಿಸುವ ಜಾಗಕ್ಕೆ ಯಾರು ತಾನೇ ಸೇರಿಸಿಕೊಳ್ಳುತ್ತಾರೆ? ನಾನಾದರೂ ಸೇರಿಸಿಕೊಳ್ಳುತ್ತಿರಲಿಲ್ಲ.

"ನಿನ್ನ ಒಳ್ಳೇದಕ್ಕೇ ಹೇಳಿ ಮಾಡಿದ್ದು ಕೂಸೇ" ಅಂದೆ. ನನಗೇ ನಾಚಿಕೆಯಾಗುವಷ್ಟು ಹಳಸಿದ ಮಾತು.

ಅವಳ ಕಣ್ಣು ತುಂಬಿದ್ದು ಆಗಲೇ. ಕೆಲಸ ಹೋಯಿತು ಅಂತ ಹೇಳುವಾಗ ತುಂಬಿರಲಿಲ್ಲ.

"ಎರಡು ವರ್ಷ ಆನು ಆಯಿ ಹತ್ರ ಇದ್ದಿದ್ದಿ. ನಿಂಗ ಆನು ಅಂಗಡಿಲಿ ಇದ್ದಿದ್ದಿ ಹೇಳಿ ಬರದ್ರಿ. ಹಂಗಾರೆ ಆಯಿ ಹತ್ರ ಯಾರು ಇದ್ದಿದ್ದ ಮಾವ?"

ಒಬ್ಬ ಗಿರಾಕಿ ಬಂದು ಕೆಮ್ಮಿನ ಸಿರಪ್ ಕೇಳಿದ. ಕೊಟ್ಟೆ. ಅವನು ಹೋಗುವವರೆಗೆ ಅವಳು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ಆ ತಾಯಿ ಡಯಾಲಿಸಿಸ್ ಮುಗಿಸಿ ಇದೇ ಮೆಟ್ಟಿಲ ಹತ್ತಿರ ಮಗಳ ಭುಜ ಹಿಡಿದು ನಿಲ್ಲುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡವನು. ಆದರೂ ಆ ಎರಡು ವರ್ಷ ನನಗೆ ತುಂಬಬೇಕಾದ ಖಾಲಿ ಜಾಗವಾಗಿ ಕಂಡಿತ್ತಲ್ಲ! ಗಣಪಣ್ಣನಿಗೂ ಹಾಗೇ ಕಂಡಿತ್ತು. ಹೆಂಡತಿಯ ಕೊನೆಯ ದಿನಗಳನ್ನು ಅವನೇ ಮಗಳ ಬಯೋಡಾಟಾದಿಂದ ಅಳಿಸಲು ಹೊರಟಿದ್ದ. ಕೆಲಸ ಸಿಗಲಿಕ್ಕಿಲ್ಲ ಅನ್ನುವ ಭಯ ಮನುಷ್ಯನನ್ನು ಎಲ್ಲಿಯವರೆಗೆ ತಳ್ಳುತ್ತದೆ ನೋಡಿ.

ಗಿರಾಕಿ ಹೋದ ಮೇಲೆ ಅವಳು ಬಂದ ಕೆಲಸ ಹೇಳಿದಳು.

"ಈಗ ಇನ್ನೊಂದು ಕಾಗದ ಬರೀರಿ. ಮೊದಲಿನ ಕಾಗದ ಸುಳ್ಳು, ಅದು ನಂಗೆ ಗೊತ್ತಿತ್ತಿಲ್ಲೆ ಹೇಳಿ. ನಿಂಗಳ ಲೆಟರ್‌ಹೆಡ್ಡಲ್ಲೇ."

ಲೆಟರ್‌ಹೆಡ್ಡಲ್ಲೇ! ಸುಳ್ಳು ಕಾಗದ ಕೊಟ್ಟೆ ಅಂತ ನನ್ನ ಸೀಲಿನ ಕೆಳಗೆ ನಾನೇ ಬರೆದುಕೊಡುವುದು. ಅದು ಎಲ್ಲೆಲ್ಲಿ ಹೋಗುತ್ತದೋ, ಯಾರ್‍ಯಾರು ಓದುತ್ತಾರೋ. ನಾಳೆ ಯಾರಾದರೂ ಇಲಾಖೆಗೆ ಕಳಿಸಿದರೆ? ಲೈಸೆನ್ಸಿಗೆ ತೊಂದರೆಯಾದರೆ? ಮೂವತ್ತು ವರ್ಷದ ಹೆಸರು. ಇಷ್ಟೆಲ್ಲ ಲೆಕ್ಕಾಚಾರ ಒಂದು ಉಸಿರಿನಲ್ಲಿ ತಲೆಯೊಳಗೆ ಮುಗಿದಿತ್ತು.

"ಎರಡು ದಿನ ಟೈಮ್ ಕೊಡು. ವಿಚಾರ ಮಾಡಿ ಬರೀತೆ."

"ಮೊದಲಿನ ಕಾಗದಕ್ಕೆ ಎಷ್ಟು ದಿನ ತಗಂಡಿದ್ರಿ ಮಾವ?"

ಅಷ್ಟು ಕೇಳಿ, ಸಿದ್ದಾಪುರದ ಬಸ್ಸಿಗೆ ಹೊತ್ತಾಯಿತು ಅಂತ ಹೊರಟಳು.

ಶನಿವಾರ ಸಂಜೆ ಪರಿಚಯದ ವಕೀಲರಿಗೆ ಫೋನ್ ಮಾಡಿದೆ. ಭಾನುವಾರ ಹೆಗಡೆಕಟ್ಟಾದಲ್ಲಿ ಒಂದು ಉಪನಯನ, ಹೋಗಿ ಉಂಡು ಬಂದೆ. ಊಟದ ರುಚಿ ನೆನಪಿಲ್ಲ. ಮನೆಯಲ್ಲಿ ಹೆಂಡತಿ, "ಬರೆಯೂದೇ ಆದ್ರೆ ಬರೆಯದಪ. ಹಿಂಗೆ ಒಳಗೂ ಹೊರಗೂ ತಿರುಗಿದ್ರೆ ಎಂತ ಬಂತು?" ಅಂದಳು. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ದೇವರಿಗೆ ಊದಿನಕಡ್ಡಿ ಹಚ್ಚಿ, ಕೂತು ಬರೆದೆ. ಕಾಗದ ನಾನೇ ಬರೆದದ್ದು, ಅದು ಸುಳ್ಳು, ಹುಡುಗಿಗೆ ತಿಳಿಯದಂತೆ ಕೊಟ್ಟದ್ದು, ಫೋನಿನಲ್ಲಿ ಹೇಳಿದ್ದೂ ಸುಳ್ಳು, ಅವಳು ನಿಮಗೆ ಹೇಳಿದ್ದೇ ನಿಜ. ಐದು ಸಾಲು. ಸೀಲು ಒತ್ತಿ, ಸ್ಕ್ಯಾನ್ ಮಾಡಿ ಕಳಿಸಿದೆ.

ಮಧ್ಯಾಹ್ನ ಅದೇ ಹೆಣ್ಣುಮಗಳ ಫೋನ್.

"ಲೆಟರ್ ಮುಟ್ಟೇತ್ರಿ ಸರ್. ಬರದಿದ್ದು ಚೊಲೋ ಆತು. ಆ ಹುಡುಗಿ ಮ್ಯಾಲೆ ಇನ್ನ ಏನೂ ರಿಮಾರ್ಕ್ ಇರಂಗಿಲ್ರಿ. ಮುಂದ ಮತ್ತ ಅರ್ಜಿ ಹಾಕಬಹುದು."

"ಈಗಿನ ಕೆಲಸ?"

"ಅದಕ್ಕ ಇವತ್ತ ಮುಂಜಾನೆ ಬ್ಯಾರೆಯವ್ರಿಗೆ ಆಫರ್ ಕಳ್ಸಿಬಿಟ್ಟೇವ್ರಿ. ಶನಿವಾರ ಬಂದಿದ್ರ ನೋಡಬಹುದಿತ್ತು."

ಮರುದಿನ ಹೇರೂರಿಗೆ ಹೋದೆ. ಇಂಥದ್ದನ್ನು ಫೋನಿನಲ್ಲಿ ಹೇಳಲು ಮುಖವಿರಲಿಲ್ಲ. ಗಣಪಣ್ಣ ಜಗಲಿಯಲ್ಲಿ ಕೂತಿದ್ದ. ಎಲ್ಲ ಕೇಳಿ, "ಅಡ್ಡಿಲ್ಲೆ ಬಿಡು" ಅಂದ. ನಮ್ಮಲ್ಲಿ ಎಲ್ಲದಕ್ಕೂ ಅಡ್ಡಿಲ್ಲೆ. ಮನೆ ಮುರಿದರೂ ಎದುರಿಗಿದ್ದವನಿಗೆ ಬೇಜಾರಾಗಬಾರದು. ಮೇಧಾ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳು ಅಡ್ಡಿಲ್ಲೆ ಅನ್ನಲಿಲ್ಲ. ಸದ್ಯ, ಆ ಮನೆಯಲ್ಲಿ ಹಾಗನ್ನದವರು ಒಬ್ಬರಾದರೂ ಇದ್ದರು.

ಕೈಯಲ್ಲಿ ಹೊಸ ಬಯೋಡಾಟಾ ಇತ್ತು, ತೋರಿಸಿದಳು. ಗ್ಯಾಪ್ ಅನ್ನುವ ಶಬ್ದ ಹೋಗಿದೆ. ಓದಿನ ವಿವರ ಮುಗಿದ ಕೂಡಲೇ, ಎರಡು ವರ್ಷ ಕಿಡ್ನಿ ರೋಗಿಯಾದ ತಾಯಿಯ ಶುಶ್ರೂಷೆ, ಔಷಧಿ ಮತ್ತು ದಾಖಲೆಗಳ ಪೂರ್ತಿ ಜವಾಬ್ದಾರಿ ಅಂತ ಅವಳೇ ಬರೆದಿದ್ದಾಳೆ. ಇನ್ನೂ ನಾಲ್ಕು ಕಂಪನಿಗಳಿಗೆ ಕಳಿಸುತ್ತಾಳಂತೆ. ಸಲಹೆ ಕೊಡಲು ಬಾಯಿ ತೆರೆದವನು ಮುಚ್ಚಿಕೊಂಡೆ. ಇದನ್ನೆಲ್ಲ ಅಂಕಣದಲ್ಲಿ ಬರೆಯಲಾ ಅಂತ ಮಾತ್ರ ಕೇಳಿದೆ. "ಬರೀರಿ. ಶನಿವಾರ, ಭಾನುವಾರದ್ದೂ ಬರೀರಿ" ಅಂದಳು.

ಬರೆದಿದ್ದೇನೆ. ಸುಳ್ಳು ಕಾಗದ ಕೊಟ್ಟದ್ದು ಅವಳ ಕೆಲಸಕ್ಕಾಗಿ ಅಂತ ಅವಳಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಹಾಗಾದರೆ ನಿಜದ ಕಾಗದವನ್ನು ಎರಡು ದಿನ ಹಿಡಿದಿಟ್ಟುಕೊಂಡದ್ದು ಯಾರ ಕೆಲಸಕ್ಕಾಗಿ?