ಕೌದಿಯೊಳಗಿನ ರೊಟ್ಟಿ

ಬೆಂಗಳೂರಿನ ಒಂದು ಹೂಡಿಕೆ ಸಂಸ್ಥೆಯಲ್ಲಿ ನನಗೆ ಕೆಲಸ. ಲಾಭದ ಜೊತೆಗೆ ನಾಲ್ಕು ಜನರಿಗೆ ಒಳ್ಳೆಯದೂ ಆಗಬೇಕು ಎನ್ನುವ ಸಣ್ಣ ಉದ್ಯಮಗಳಿಗೆ ಅವರು ಹಣ ಹಾಕುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನನ್ನ ಪಾಲಿನ ತಾಲ್ಲೂಕುಗಳು. ಧಾರವಾಡದಲ್ಲಿ ಎಂ.ಎ. ಮಾಡಿದವನು, ಇಲ್ಲಿಯ ಮಾತು ಬಲ್ಲವನು ಎಂದು ತೆಗೆದುಕೊಂಡರು. ಬಸ್ಸು, ಟಂಟಂ ಹಿಡಿದು ಊರೂರು ತಿರುಗಿ, ಅಂಥ ಉದ್ಯಮಗಳನ್ನು ಕಣ್ಣಾರೆ ನೋಡಿ, ಒಂದು ನಮೂನೆ ತುಂಬಿ ಕಳಿಸಬೇಕು. ತಮ್ಮ ಹಣವನ್ನು ಅವರು ‘ತಾಳ್ಮೆಯ ಬಂಡವಾಳ’ ಎನ್ನುತ್ತಾರೆ. ಎಷ್ಟೋ ಕಟ್ಟೆಗಳ ಮೇಲೆ ಕೂತು ಆ ಮಾತನ್ನು ನಾನೂ ಹೇಳಿದ್ದೇನೆ, ನಂಬಿದವನ ದನಿಯಲ್ಲಿ.

ದೇವರ ಹಿಪ್ಪರಗಿ ಹತ್ತಿರದ ಒಂದು ಹಳ್ಳಿಯಲ್ಲಿ ಹದಿನಾಲ್ಕು ಹೆಣ್ಣುಮಕ್ಕಳು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಧೋತರಗಳನ್ನು ಪದರುಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಕೈಯಿಂದಲೇ ಹೊಲಿದ ಹೊದಿಕೆಗಳು. ಎಲ್ಲವನ್ನೂ ನಡೆಸುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬ ಮುಸ್ಲಿಂ ಹೆಂಗಸು. ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹೊಲಿಯುವವರೆಲ್ಲ ಕೂಡುತ್ತಿದ್ದುದು ಆಪಾನ ಭಾವನ ಖೋಲಿಯಲ್ಲಿ. ರಸ್ತೆಗೆ ಹತ್ತಿದ ಆ ಖೋಲಿಯಲ್ಲಿ ಗೊಬ್ಬರದ ಅಂಗಡಿ ಇಡಬೇಕೆಂದು ಭಾವ ಹಟ ಹಿಡಿದಿದ್ದ. ದಸರೆಯೊಳಗೆ ನಾಲ್ಕು ವರ್ಷದ ಬಾಡಿಗೆ ಮುಂಗಡ ಕೊಟ್ಟರೆ ಖೋಲಿ ನಿಮ್ಮದು, ಇಲ್ಲದಿದ್ದರೆ ಖಾಲಿ ಮಾಡಿ ಅಂದಿದ್ದ. ಸಂಸ್ಥೆಯ ಹಣ ಬೇಕಾಗಿದ್ದುದು ಅದಕ್ಕೆ. ಖೋಲಿ ಹೋದರೆ ಹದಿನಾಲ್ಕು ಜನ ಒಂದೆಡೆ ಕೂಡುವ ಜಾಗ ಊರಲ್ಲಿ ಬೇರೆ ಇರಲಿಲ್ಲ.

ನಮೂನೆಯಲ್ಲಿ ಒಂದು ಪ್ರಶ್ನೆ ಇತ್ತು: ಬಟ್ಟೆ, ದಾರ ಬಿಟ್ಟು ಬೇರೇನಾದರೂ ಸೇರಿಸಲಾಗುತ್ತದೆಯೇ? ನಾನು ‘ಇಲ್ಲ’ ಎಂದು ಬರೆದೆ. ಅಕ್ಷರ ನನ್ನದೇ, ಅದರಲ್ಲಿ ಅನುಮಾನವಿಲ್ಲ. ಅದಕ್ಕೂ ಮೊದಲು ಆ ಖೋಲಿಯಲ್ಲಿ ಏನು ನಡೆಯಿತು ಎಂಬುದು ಮಾತ್ರ ನನಗೆ ಬಹಳ ದಿನ ಖಚಿತವಿರಲಿಲ್ಲ.

ಮಾದರಿಗೆಂದು ಹನ್ನೆರಡು ಕೌದಿ ಬೆಂಗಳೂರಿಗೆ ಹೋದವು. ಮಳೆಗಾಲ ಮುಗಿಯುವ ಮುಂಚೆ ಕಚೇರಿಯ ಮೇಡಂ ಫೋನು ಮಾಡಿದರು. ನಾನು ಬಾಗೇವಾಡಿ ಬಸ್ ನಿಲ್ದಾಣದಲ್ಲಿದ್ದೆ.

“ಕೌದಿಗಳಿಂದ ಹುಳ ಬರ್ತಿದೆ. ಬಿಚ್ಚಿ ನೋಡಿದ್ರೆ ಒಳಗೆ ರೊಟ್ಟಿ ಚೂರು, ಅರಿಶಿನ. ಹನ್ನೆರಡರಲ್ಲೂ. ಏನ್ರೀ ಇದು, ಮಾಟ ಗೀಟಾನಾ?”

“ಅಲ್ಲ ಮೇಡಂ, ಅದು ಈ ಕಡೆ ಪದ್ಧತಿ.”

“ಹಾಗಾದ್ರೆ ನಿಮಗೆ ಗೊತ್ತಿತ್ತು?”

ಬಸ್ಸೊಂದು ಹಿಂದಕ್ಕೆ ಸರಿಯುತ್ತಿತ್ತು, ಕಂಡಕ್ಟರ್ ಸೀಟಿ ಊದುತ್ತಿದ್ದ. “ಇಲ್ಲ ಮೇಡಂ,” ಎಂದೆ. “ನನಗೆ ಅವರು ಹೇಳಿರಲಿಲ್ಲ.”

ಮೇಡಂ ಕೆಟ್ಟವರಲ್ಲ. ವಾರದ ನಂತರ ಅವರೇ ಬೇಸರದಿಂದ ತಿಳಿಸಿದರು: “ರೊಟ್ಟಿ ಇಡೋದನ್ನ ಬಿಡಿಸಬಹುದಿತ್ತು. ಆದ್ರೆ ಮುಚ್ಚಿಟ್ಟವರ ಜೊತೆ ಹೇಗೆ ಕೆಲಸ ಮಾಡೋದು? ಸಮಿತಿ ಬೇಡ ಅಂತು.”

ಅದನ್ನು ಹೇಳಲು ನಾನೇ ಹೋಗಬೇಕಾಯಿತು. ಖೋಲಿಯ ಬಾಗಿಲಲ್ಲಿ ಎಲ್ಲರಿಗಿಂತ ಹಿರಿಯಳಾದ ಆಯಿ ಕೂತಿದ್ದಳು. ಪ್ರತಿ ಕೌದಿಯ ನಡುವೆ ರೊಟ್ಟಿ ಇಟ್ಟು ಮುಚ್ಚುವ ಕೈ ಅವಳದೇ.

“ಏನೋ ತಮ್ಮಾ, ನಮ್ಮ ಕೌದಿ ಬೆಂಗಳೂರಾಗ ಚಲೋ ನಿದ್ದಿ ಮಾಡ್ಯಾವೇನು?”

ನಾನು ವಿಷಯ ಹೇಳಿದೆ.

“ಖಾಲಿ ಹೊಟ್ಟಿ ಕೌದಿ ಹೊತಗೊಂಡ್ರ ಮನ್ಯಾಗ ಹಸಿವು ಬಿಡಂಗಿಲ್ಲೋ,” ಎಂದಳು ಆಯಿ. “ಅವರಿಗೆ ತಿನ್ನಾಕ ಇಟ್ಟೇವೇನು? ಕೌದಿಗೆ ಇಟ್ಟೇವಿ.”

“ಅವರಿಗೇ ಹಸದಿತ್ತಂತ ಕಾಣತೈತಿ ಆಯಿ, ಹರದು ನೋಡ್ಯಾರ,” ಎಂದಳು ಒಳಗಿದ್ದ ಒಬ್ಬಳು. ಉಳಿದವರು ನಕ್ಕರು.

ಆಪಾ ನಗಲಿಲ್ಲ. “ಮುಚ್ಚಿಟ್ಟೇವಿ ಅಂದ್ರ ಏನ್ರಿ ಸರ? ನಿಮ್ಮ ಮುಂದನ ಇಟ್ಟು ಹೊಲದೇವಿ. ನೀವು ಕೈಯಾಗ ತಗೊಂಡು ನೋಡಿದ್ರಿ. ನಮ್ಮವ್ವನೂ ಹಿಂಗ ಇಡ್ತಿದ್ಲು ಅಂದ್ರಿ. ನಕ್ರಿ.”

“ನಾನಾ?”

“ನೀವಲ್ಲದ ಮತ್ಯಾರ್ರಿ.”

ನನಗೆ ನೆನಪಿರಲಿಲ್ಲ. ಅವ್ವನ ನೆನಪು ಮಾತ್ರ ಇತ್ತು: ಪಡಸಾಲೆಯಲ್ಲಿ ಹರಡಿದ ಕೌದಿ, ಅರಿಶಿನ ಹತ್ತಿದ ಬೆರಳು, ರೊಟ್ಟಿಯ ತುಂಡು. ಮುದ್ದೇಬಿಹಾಳದ ಅಕ್ಕನಿಗೆ ಫೋನು ಹಚ್ಚಿ ಕೇಳಿದೆ.

“ಅವ್ವ ಯಾವಾಗ ಕೌದಿ ಹೊಲದಾಳೋ?” ಎಂದಳು ಅಕ್ಕ. “ಆಕಿಗೆ ಸೂಜ್ಯಾಗ ದಾರ ಪೋಣಸಾಕ ಬರ್ತಿರಲಿಲ್ಲ. ನಮ್ಮ ಮನ್ಯಾಗ ಇದ್ದದ್ದು ಸೋಲಾಪುರ ಚಾದರ. ಹುಚ್ಚ ಗಿಚ್ಚ ಹಿಡದೈತೇನು?”

ಹಾಗಾದರೆ ಆ ಬೆರಳು ಎಲ್ಲಿಯದು? ಕೆಲಸಕ್ಕೆ ಸೇರಿದಾಗ ಒಂದು ವಾರ ತರಬೇತಿ ಕೊಟ್ಟಿದ್ದರು. ಜನರ ವಿಶ್ವಾಸ ಗಳಿಸಲು ನಿಮ್ಮ ಮನೆಯದೇನಾದರೂ ಹೇಳಿ ಎಂದು ಕಲಿಸಿದ್ದರು. ನಾನು ಹೋದ ಊರಲ್ಲೆಲ್ಲ ಹೇಳಿದ್ದೇನೆ. ತಂಗಡಗಿಯಲ್ಲಿ ನನ್ನ ಅಜ್ಜ ಕೃಷ್ಣೆಯಲ್ಲಿ ಹರಿಗೋಲು ನಡೆಸುತ್ತಿದ್ದ ಎಂದಿದ್ದೆ. ನಿಜದಲ್ಲಿ ಅಜ್ಜ ಸಾಲಿ ಮಾಸ್ತರ. ಆಯಿ ರೊಟ್ಟಿ ಇಡುವುದನ್ನು ನೋಡುತ್ತ, ಅವರಿಗೆ ಹತ್ತಿರವಾಗಲೆಂದು, ಒಬ್ಬ ಅವ್ವನನ್ನು ಅಲ್ಲೇ ಹುಟ್ಟಿಸಿರಬೇಕು. ಆಮೇಲೆ ಆಯಿಯ ಬೆರಳುಗಳನ್ನು ಅವಳಿಗೆ ಜೋಡಿಸಿ ನಾನೇ ನಂಬಿದೆ.

ಇರಬೇಕು ಎಂದೆನಲ್ಲ, ಆ ಮಾತಿನ ಆಸರೆಯಲ್ಲೇ ಎರಡು ತಿಂಗಳು ಕಳೆದೆ. ಖಚಿತವಾಗದೆ ಸಂಸ್ಥೆಗೆ ಬರೆಯುವುದು ಸರಿಯಲ್ಲ ಎಂದುಕೊಂಡೆ. ನೆನಪನ್ನು ಸಾಕ್ಷಿಯೆಂದು ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆ. ಆಪಾ ತಪ್ಪಾಗಿ ನೆನೆದಿರಬಹುದು, ಅಕ್ಕನೂ ಮರೆತಿರಬಹುದು. ಸಂಶಯ ಮರ್ಯಾದಸ್ಥರ ಅಭ್ಯಾಸ. ಹೇಡಿಯಾದವನು ಅದನ್ನು ಹೊದ್ದು ಎಷ್ಟು ದಿನವಾದರೂ ಮಲಗಬಹುದು.

ಸಾಕ್ಷಿ ನನ್ನ ಮೊಬೈಲಿನಲ್ಲೇ ಇತ್ತು. ಒಂದು ದಿನ ಇಂಡಿಯಲ್ಲಿ ಟಂಟಂ ತುಂಬುವುದನ್ನು ಕಾಯುತ್ತ ಹಳೆಯ ಫೋಟೊಗಳನ್ನು ಸರಿಸುತ್ತಿದ್ದೆ: ಹಸಿರು ಸೀರೆಯ ಪದರು, ಅದರ ಮೇಲೆ ನನ್ನ ಅಂಗೈ, ಅಂಗೈಯಲ್ಲಿ ರೊಟ್ಟಿಯ ತುಂಡು. ಮೊದಲ ದಿನವೇ ಹುಡುಕಬಹುದಿತ್ತು. ಹುಡುಕಿರಲಿಲ್ಲ.

ಅಂದೇ ಬರೆದೆ. ಅವರು ಮುಚ್ಚಿಟ್ಟಿಲ್ಲ, ನನಗೆ ತೋರಿಸಿದ್ದರು, ಸುಳ್ಳು ಹೇಳಿದವನು ನಾನು ಎಂದು ಫೋಟೊ ಸಮೇತ ಕಳಿಸಿದೆ. ಮೇಡಂ ಉತ್ತರಿಸಿದರು. ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡಿದ್ದರು. ಈ ವರ್ಷದ ಹಣ ಬೇರೊಂದು ಉದ್ಯಮಕ್ಕೆ ಹೋಗಿದೆ, ಮುಂದಿನ ತರಬೇತಿಯಲ್ಲಿ ಈ ಅನುಭವವನ್ನು ಹೊಸಬರೊಂದಿಗೆ ಹಂಚಿಕೊಳ್ಳಿ ಎಂದಿದ್ದರು.

ಹಿಪ್ಪರಗಿಯ ಸಂತೆಯಲ್ಲಿ ಆಪಾ ಸಿಕ್ಕರು, ಉಳ್ಳಾಗಡ್ಡಿ ಆರಿಸುತ್ತಿದ್ದರು.

“ಆಪಾ, ಬೆಂಗಳೂರಿಗೆ ಬರದೇನಿ. ತಪ್ಪು ನಂದು ಅಂತ.”

“ಹೌದ್ರಿ? ಯಾವಾಗ?”

“ಹೋದ ವಾರ.”

ಆಪಾ ಕೊಳೆತದ್ದೊಂದನ್ನು ತೆಗೆದು ಆಚೆ ಇಟ್ಟರು. “ಖೋಲಿ ದಸರಾಕ್ಕನ ಬಿಟ್ಟೇವ್ರಿ. ಗೊಬ್ಬರದ ಚೀಲ ಬಂದು ಬಿದ್ದಾವು. ಐದು ಮಂದಿ ಇಂಡಿ ಕಡೆ ಲಿಂಬಿಹಣ್ಣ ಹರಿಯಾಕ ಹೊಂಟಾರ. ಉಳದವರು ಮನ್ಯಾಗ ಅದಾರ.”

ನಾನೂ ಒಂದೆರಡು ಉಳ್ಳಾಗಡ್ಡಿ ಆರಿಸಿ ಅವರ ಮುಂದಿಟ್ಟೆ.

“ನಿಮ್ಮ ನೌಕರಿ ಏನಾತ್ರಿ ಸರ? ಹೋತೇನು?”

“ಇಲ್ರಿ. ಐತಿ.”

“ಚಲೋ ಆತು ಬಿಡ್ರಿ,” ಎಂದು ಆಪಾ ತಕ್ಕಡಿಯ ಕಡೆ ತಿರುಗಿದರು.