ನೋವು ನಿಂತ ಮಧ್ಯಾಹ್ನ

ಕೆರೆಯ ಜೇಡಿಮಣ್ಣನ್ನು ಜರಡಿ ಹಿಡಿದು, ತಣ್ಣೀರಿನಲ್ಲಿ ಕಲಸಿ, ಹಳೆಯ ಪಂಚೆಯ ತುಂಡಿನ ಮೇಲೆ ರೊಟ್ಟಿಯಷ್ಟು ದಪ್ಪಕ್ಕೆ ಹರಡಿ ರೋಗಿಯ ಹೊಟ್ಟೆಯ ಮೇಲಿಡುವುದು: ಮುಳಬಾಗಿಲಿನಲ್ಲಿ ನನ್ನ ಪ್ರಕೃತಿ ಚಿಕಿತ್ಸೆ ಬಹುಮಟ್ಟಿಗೆ ಇಷ್ಟೇ, ಮಿತ್ರರೇ, ಮಿಕ್ಕಿದ್ದು ಮಾತು. ಕಾಲೇಜಿನ ಚರ್ಚಾಕೂಟಗಳಲ್ಲಿ ದೇವರನ್ನೂ ಡಾಕ್ಟರನ್ನೂ ಒಂದೇ ಉಸಿರಿನಲ್ಲಿ ಸೋಲಿಸಿ ಬಂದಿದ್ದ ನಾನು ಎಲ್ಲವನ್ನೂ ಶಂಕಿಸಿ, ಮಣ್ಣು, ನೀರು, ಉಪವಾಸಗಳನ್ನು ಮಾತ್ರ ಶಂಕಿಸದೆ ಬಿಟ್ಟಿದ್ದೆ.

ಯುದ್ಧದ ಕಾಲವದು. ಪಾತ್ರೆಗಳಿಗೆ ಕಲಾಯಿ ಹಾಕುವ ಇಮಾಮ್ ಸಾಬರಿಗೆ ಹೊಟ್ಟೆಯ ಬಲಮಗ್ಗುಲಲ್ಲಿ ಎರಡು ದಿನದಿಂದ ನೋವು. ಕೋಲಾರದ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಮಗಳು ಫಾತಿಮಾ ಹಟ ಹಿಡಿದಳು. ಕತ್ತಿ ಹಿಡಿದವನಿಗೆ ಕಂಡದ್ದೆಲ್ಲ ಕೊಯ್ಯಬೇಕೆನಿಸುತ್ತದೆ ಎಂದೆ. ನೋವೆಂದರೆ ದೇಹ ತನ್ನನ್ನು ತಾನೇ ತೊಳೆದುಕೊಳ್ಳುವ ಸದ್ದು ಎಂದೆ.

"ಎಲ್ಲಾ ಕಾಯ್ಲೆಗೂ ಮದ್ದೈತೆ, ನಿಮ್ ಬಾಯಿಗೊಂದು ಇಲ್ಲ ನೋಡಿ," ಎನ್ನುತ್ತ ಆಕೆ ಸೋತು ಒಳಹೋದಳು. ಗೆದ್ದ ಹುಮ್ಮಸ್ಸಿನಲ್ಲೇ ಸಾಬರ ಹೊಟ್ಟೆಗೆ ಮಣ್ಣಿನ ಪಟ್ಟಿ ಹಾಕಿದೆ.

ಮರುದಿನ ಮಧ್ಯಾಹ್ನ ಹೋದರೆ ಸಾಬರು ನಗುತ್ತಿದ್ದರು. "ಒಂದೇ ಸಲಕ್ಕೆ ನಿಂತೋಯ್ತು ಸ್ವಾಮಿ! ನಿಮ್ದು ಮಣ್ಣಲ್ಲ, ಚಿನ್ನ!"

ಅವರ ಕೈ ಮುಟ್ಟಿದೆ, ತಣ್ಣನೆಯ ಬೆವರು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಡಾಕ್ಟರರನ್ನು ಖಂಡಿಸಲೆಂದೇ ಓದಿದ್ದ ವೈದ್ಯಗ್ರಂಥವೊಂದು ನೆನಪಾಯಿತು: ಆ ಜಾಗದ ನೋವು ಹೀಗೆ ಹಠಾತ್ತನೆ ನಿಂತರೆ ಒಳಗೇನೋ ಒಡೆದಿರಬಹುದು.

"ಸಾಬರೇ, ಈಗ್ಲೇ ಕೋಲಾರಕ್ಕೆ ಹೊರಡಿ."

"ನೋವಿಲ್ದೋನು ಆಸ್ಪತ್ರೆಗೆ ಯಾಕೆ? ಕತ್ತಿ ಹಿಡ್ದೋನು ಕೊಯ್ತಾನೆ ಅಂತ ನೀವೇ ಅಂದ್ರಲ್ಲ!"

ನನ್ನ ಒಂದೊಂದು ವಾದಕ್ಕೂ ಅವರ ಬಳಿ ನನ್ನದೇ ಉತ್ತರವಿತ್ತು. ಕೊನೆಗೆ ಯಾವ ವೇದಿಕೆಯಲ್ಲೂ ಆಡದ ಮಾತು ಬಾಯಿಂದ ಬಿತ್ತು: "ನಂಗೆ ಭಯ ಆಗ್ತಾ ಇದೆ, ಸಾಬರೇ."

ಅವರ ನಗು ನಿಂತಿತು. ಫಾತಿಮಾ ಶಾಲು ತಂದು ತಂದೆಗೆ ಹೊದಿಸಿದಳು.

ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು ಏರು ಕಂಡಲ್ಲೆಲ್ಲ ಏದುಸಿರು ಬಿಡುತ್ತಿತ್ತು. ಸಾಬರ ನಾಡಿ ಹಿಡಿದು ಕುಳಿತ ನನಗೆ ಒಂದೇ ಯೋಚನೆ: ವೇದಿಕೆಯ ಮೇಲೆ ಎದುರಾಳಿ ಸೋತು ಮನೆಗೆ ಹೋಗಿ ಊಟ ಮಾಡುತ್ತಾನೆ, ಇಲ್ಲಿ ನನ್ನ ಗೆಲುವಿನ ಕೆಳಗೆ ಮನುಷ್ಯನೊಬ್ಬ ಮಲಗಿದ್ದಾನೆ, ಅದೂ ನನ್ನನ್ನು ನಂಬಿ.

ಶಸ್ತ್ರಚಿಕಿತ್ಸೆಯಾಯಿತು, ಸಾಬರು ಸಾವಿನ ಬಾಗಿಲು ತಟ್ಟಿ ಹಿಂದಿರುಗಿದರು. ಆದರೆ ಊರಿಗೆ ಬಂದವರೇ, "ನೋವು ನಿಲ್ಸಿದ್ದು ಇವರ ಮಣ್ಣು, ಡಾಕ್ಟ್ರು ಬರೀ ಹೊಲಿಗೆ ಹಾಕಿದ್ರು," ಎಂದು ಸಿಕ್ಕವರಿಗೆಲ್ಲ ಸಾರಿದರು.

ಈಗ ಬೆಳಗಾದರೆ ಯಲ್ದೂರಿನಿಂದಲೂ ಜನ ಬಂದು ನನ್ನ ಜಗಲಿಯಲ್ಲಿ ಹೊಟ್ಟೆ ಹಿಡಿದು ಕೂರುತ್ತಾರೆ. ಮಣ್ಣಿಗೆ ಕೈ ಹಾಕುವ ಮೊದಲು ನಡೆದದ್ದನ್ನೆಲ್ಲ, ನನ್ನ ತಪ್ಪನ್ನೂ ಸೇರಿಸಿ, ಬಿಡಿಸಿ ಹೇಳುತ್ತೇನೆ. ಅವರು ತಲೆದೂಗಿ ಕೇಳಿ, ಪರಸ್ಪರ ಮುಖ ನೋಡಿಕೊಂಡು, "ಎಷ್ಟು ದೊಡ್ಡೋರು ನೋಡು, ಒಂಚೂರೂ ಜಂಭ ಇಲ್ಲ," ಎನ್ನುತ್ತಾ ಅಂಗಿ ಮೇಲೆತ್ತಿ ಮಲಗುತ್ತಾರೆ.